ಕಾಂಪೌಂಡ್ ಇಲ್ಲದ ತೋಟದ ಮಾಲಿ

ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆಯ ಸಮೀರವಾಡಿಯಿಂದ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದ ನನಗೆ ಪಾರ್ಕ್ ಅಂದ್ರೆ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅಷ್ಟೇ. ಗೇಟು, ಟಿಕೆಟ್ ಇಲ್ಲದ ಇನ್ನೊಂದು ತೋಟ ಬೀದಿಗಳಲ್ಲೇ ಇದೆ ಅಂತ ತಿಳಿದದ್ದು ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಬದುಕಿನಿಂದ.

1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿದ ಅವರು ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ದುಡಿದು, 1893ರಲ್ಲಿ ಬರೋಡ ಮಹಾರಾಜರ ತೋಟಗಳನ್ನು ನೋಡಿಕೊಳ್ಳಲು ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡರು. 1932ರವರೆಗೆ ಲಾಲ್‌ಬಾಗ್ ಅವರ ಉಸ್ತುವಾರಿಯಲ್ಲಿತ್ತು.

ಆದರೆ ಅವರ ದೊಡ್ಡ ಕೆಲಸ ಲಾಲ್‌ಬಾಗಿನ ಹೊರಗಿದೆ. ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಊರಲ್ಲಿ ಹೂವಿರಬೇಕು ಎಂಬ ಲೆಕ್ಕದಲ್ಲಿ ಬೀದಿಗಳಿಗೆ ಮರ ಆರಿಸಿ ನೆಡಿಸಿದರು. ಯುದ್ಧಕಾಲದಲ್ಲಿ ಜರ್ಮನ್ ಅನ್ನೋ ಕಾರಣಕ್ಕೆ ಬ್ರಿಟಿಷರು ಬಂಧನದಲ್ಲಿಟ್ಟರು. ಆದರೂ ಅವರು ಬೆಂಗಳೂರು ಬಿಡಲಿಲ್ಲ. 1956ರಲ್ಲಿ ತೀರಿಕೊಂಡರು, ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ.

ಲಾಲ್‌ಬಾಗಿನಲ್ಲಿ ಅವರ ಹೆಸರಿದ್ದ ಹಾಲ್ 2017ರಲ್ಲಿ ಕುಸಿಯಿತು. ಕಟ್ಟಡವನ್ನು ಮತ್ತೆ ಕಟ್ಟಬಹುದು. ರಸ್ತೆ ಅಗಲಿಸೋಕೆ ಒಂದು ಸಾಲು ಮರ ಕಡಿದರೆ ಊರಿನ ಒಂದು ತಿಂಗಳ ಹೂವೇ ಹೋದಂತೆ. ಹೊಸ ಪಾರ್ಕ್ ಹುಡುಕುವವರು ಮೊದಲು ತಮ್ಮ ಬೀದಿಯಲ್ಲೇ ತಲೆಯೆತ್ತಿ ನೋಡಲಿ. ಕಾಂಪೌಂಡ್ ಇಲ್ಲದ ತೋಟಕ್ಕೆ ನೋಡುವವರೇ ಕಾವಲು.