ಯಾನ್ ವಾಲ್ಡೆನ್‌ಸ್ಟ್ರೋಮ್

ಯಾನ್ ಯೋಸ್ಟಾ ವಾಲ್ಡೆನ್‌ಸ್ಟ್ರೋಮ್ (ಏಪ್ರಿಲ್ 17, 1906 – ಡಿಸೆಂಬರ್ 1, 1996) ಸ್ವೀಡನ್ ದೇಶದ ಪ್ರಸಿದ್ಧ ವೈದ್ಯರು ಹಾಗೂ ಪ್ರಾಧ್ಯಾಪಕರು. ರಕ್ತವು ಮಿತಿಮೀರಿ ಮಂದವಾಗುವ ಅಪರೂಪದ ಕಾಯಿಲೆಯೊಂದನ್ನು 1944ರಲ್ಲಿ ಮೊದಲು ವಿವರಿಸಿದವರು ಇವರು. ಅದನ್ನು ಇಂದು ವಾಲ್ಡೆನ್‌ಸ್ಟ್ರೋಮ್ ಮ್ಯಾಕ್ರೋಗ್ಲಾಬ್ಯುಲಿನೀಮಿಯ ಎಂದು ಕರೆಯಲಾಗುತ್ತದೆ.

ಜನನ ಮತ್ತು ಶಿಕ್ಷಣ

ಇವರು ಸ್ಟಾಕ್‌ಹೋಮ್‌ನ ವೈದ್ಯ ಮನೆತನದಲ್ಲಿ ಜನಿಸಿದರು. ತಂದೆ ಹೆನ್ನಿಂಗ್ ವಾಲ್ಡೆನ್‌ಸ್ಟ್ರೋಮ್ ಮೂಳೆರೋಗ ತಜ್ಞರಾಗಿದ್ದರು. ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದ ಯಾನ್, ಮ್ಯೂನಿಕ್‌ನಲ್ಲಿ ನೊಬೆಲ್ ಪುರಸ್ಕೃತ ಹಾನ್ಸ್ ಫಿಶರ್ ಅವರ ಬಳಿ ಸಾವಯವ ರಸಾಯನಶಾಸ್ತ್ರವನ್ನು ಕಲಿತರು. ಪಾರ್ಫೀರಿಯ ಎಂಬ ಆನುವಂಶಿಕ ಕಾಯಿಲೆಯನ್ನು ಕುರಿತ ಇವರ ಮಹಾಪ್ರಬಂಧ 1937ರಲ್ಲಿ ಪ್ರಕಟವಾಯಿತು.

1944ರ ಸಂಶೋಧನೆ

ಮೂಗು ಮತ್ತು ಬಾಯಿಯಿಂದ ರಕ್ತಸ್ರಾವ, ರಕ್ತಹೀನತೆ ಹಾಗೂ ದುಗ್ಧಗ್ರಂಥಿಗಳ ಊತದಿಂದ ಬಳಲುತ್ತಿದ್ದ ಇಬ್ಬರು ರೋಗಿಗಳನ್ನು ಇವರು ಪರೀಕ್ಷಿಸಿದರು. ಮೇಲ್ನೋಟಕ್ಕೆ ಇದು ಪ್ಲಾಸ್ಮಾ ಕೋಶಗಳ ಅರ್ಬುದವಾದ ಮೈಲೋಮವನ್ನು ಹೋಲುತ್ತಿತ್ತು. ಆದರೆ ರೋಗಿಗಳಿಗೆ ಮೂಳೆನೋವು ಇರಲಿಲ್ಲ, ಎಕ್ಸ್‌ರೇ ಚಿತ್ರಗಳಲ್ಲಿ ಮೂಳೆ ಸವೆದಿರಲಿಲ್ಲ. ಇವರ ರಕ್ತವನ್ನು ಉಪ್ಸಾಲದಲ್ಲಿ ಅಲ್ಟ್ರಾಸೆಂಟ್ರಿಫ್ಯೂಜ್ ಯಂತ್ರದ ಮೂಲಕ ಪರಿಶೀಲಿಸಿದಾಗ, ಸುಮಾರು 10 ಲಕ್ಷ ಅಣುತೂಕದ ದೈತ್ಯ ಪ್ರೋಟೀನ್ ಕಂಡುಬಂದಿತು. ಅದನ್ನು ಈಗ ಐಜಿಎಂ ಎಂದು ಗುರುತಿಸಲಾಗಿದೆ.

ರಕ್ತನಾಳಗಳ ಮೇಲಿನ ಪರಿಣಾಮ

ಗಾತ್ರದಲ್ಲಿ ದೊಡ್ಡದಾದ ಈ ಪ್ರೋಟೀನ್‌ನ ಬಹುಪಾಲು ರಕ್ತನಾಳಗಳ ಒಳಗೇ ಉಳಿಯುತ್ತದೆ. ಇದರಿಂದ ರಕ್ತ ಮಂದವಾಗಿ, ಸೂಕ್ಷ್ಮ ನಾಳಗಳಲ್ಲಿ ಹರಿವು ನಿಧಾನಗೊಳ್ಳುತ್ತದೆ. ರಕ್ತ ಮಂದವಾದರೆ ಸ್ರಾವ ಕಡಿಮೆಯಾಗಬೇಕೆಂದು ತೋರಬಹುದು. ವಾಸ್ತವದಲ್ಲಿ ನಾಳಗಳು ಹಿಗ್ಗಿ ಬಿರಿಯುತ್ತವೆ, ಪ್ರೋಟೀನ್ ಆವರಿಸಿದ ಕಿರುಬಿಲ್ಲೆಗಳು ರಕ್ತಸ್ರಾವವನ್ನು ತಡೆಯಲಾರವು. ಕಣ್ಣಿನ ಅಕ್ಷಿಪಟಲದ ಅಭಿಧಮನಿಗಳು ಅಲ್ಲಲ್ಲಿ ಉಬ್ಬಿ ದೃಷ್ಟಿ ಮಂಜಾಗುತ್ತದೆ. ತಲೆನೋವು, ತಲೆಸುತ್ತು ಮತ್ತು ತೀವ್ರ ಸ್ಥಿತಿಯಲ್ಲಿ ಪ್ರಜ್ಞಾಹೀನತೆ ಉಂಟಾಗಬಹುದು. ಕೆಲವರಲ್ಲಿ ಈ ಪ್ರೋಟೀನ್ ಚಳಿಗೆ ಗಟ್ಟಿಯಾಗಿ, ಬೆರಳ ತುದಿಗಳಿಗೆ ರಕ್ತಸಂಚಾರ ಕುಂಠಿತವಾಗುತ್ತದೆ.

ಕಾರಣ ತಿಳಿದುದರಿಂದ ಪರಿಹಾರವೂ ಸಾಧ್ಯವಾಯಿತು. ರಕ್ತದಿಂದ ಪ್ಲಾಸ್ಮಾವನ್ನು ಬೇರ್ಪಡಿಸಿ ತೆಗೆಯುವ ಪ್ಲಾಸ್ಮಾಫೆರೆಸಿಸ್ ವಿಧಾನ ರಕ್ತದ ಮಂದತೆಯನ್ನು ಶೀಘ್ರವಾಗಿ ತಗ್ಗಿಸುತ್ತದೆ. ಆದರೆ ಇದು ತಾತ್ಕಾಲಿಕ ಉಪಶಮನ ಮಾತ್ರ. ಪ್ರೋಟೀನನ್ನು ಉತ್ಪಾದಿಸುವ ಕೋಶಗಳನ್ನು ನಿಯಂತ್ರಿಸಲು ಔಷಧೋಪಚಾರ ಅಗತ್ಯ.

ನಂತರದ ಜೀವನ

1950ರಲ್ಲಿ ಮಾಲ್ಮೋ ನಗರದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದ ಇವರು 1972ರಲ್ಲಿ ನಿವೃತ್ತರಾದರು. ರಕ್ತದಲ್ಲಿ ಹೆಚ್ಚುವ ಪ್ರತಿಕಾಯಗಳು ಒಂದೇ ಕೋಶಸಂತತಿಯಿಂದ ಬಂದವೋ, ಹಲವು ಸಂತತಿಗಳಿಂದ ಬಂದವೋ ಎಂಬ ಭೇದವನ್ನು 1960ರ ದಶಕದ ಆರಂಭದಲ್ಲಿ ಸ್ಪಷ್ಟಪಡಿಸಿದ್ದು ಇವರ ಮತ್ತೊಂದು ಮುಖ್ಯ ಕೊಡುಗೆ. ಪ್ಲಾಸ್ಮಾ ಕೋಶಗಳ ಕಾಯಿಲೆಗಳ ವರ್ಗೀಕರಣಕ್ಕೆ ಈ ಭೇದವೇ ಇಂದಿಗೂ ತಳಹದಿಯಾಗಿದೆ. ಇವರು 1996ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.