ಬ್ರಹ್ಮ ಪ್ರಕಾಶ್

ಬ್ರಹ್ಮ ಪ್ರಕಾಶ್ (21 ಆಗಸ್ಟ್ 1912 – 3 ಜನವರಿ 1984) ಭಾರತದ ಲೋಹಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಮೊದಲ ಭಾರತೀಯರು. ಪರಮಾಣು ಶಕ್ತಿ, ಬಾಹ್ಯಾಕಾಶ ಮತ್ತು ರಕ್ಷಣಾ ಕ್ಷೇತ್ರಗಳಿಗೆ ಬೇಕಾದ ವಿಶೇಷ ಲೋಹಗಳನ್ನು ದೇಶದಲ್ಲೇ ತಯಾರಿಸುವ ಪ್ರಯತ್ನಗಳಲ್ಲಿ ಇವರ ಪಾತ್ರ ಹಿರಿದು.

ಜೀವನ ಮತ್ತು ಶಿಕ್ಷಣ

ಇವರು ಲಾಹೋರಿನಲ್ಲಿ ಜನಿಸಿದರು. ಪಂಜಾಬ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಂತರ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಉನ್ನತ ಅಧ್ಯಯನ ನಡೆಸಿದರು. ಭಾರತಕ್ಕೆ ಮರಳಿ ಪರಮಾಣು ಶಕ್ತಿ ಕಾರ್ಯಕ್ರಮದಲ್ಲಿ ತೊಡಗಿದರು. 1951ರಿಂದ 1957ರವರೆಗೆ ಬೆಂಗಳೂರಿನಲ್ಲಿ ಲೋಹಶಾಸ್ತ್ರ ವಿಭಾಗವನ್ನು ಮುನ್ನಡೆಸಿದರು.

ಪರಮಾಣು ಇಂಧನ

ಟ್ರಾಂಬೆಯಲ್ಲಿ ಯುರೇನಿಯಂ ಇಂಧನ ತಯಾರಿಕೆಯ ಕೆಲಸವು ಇವರ ನೇತೃತ್ವದಲ್ಲಿ ರೂಪುಗೊಂಡಿತು. ನೈಸರ್ಗಿಕ ಯುರೇನಿಯಂ ಬಳಸುವ ಭಾರಜಲ ರಿಯಾಕ್ಟರುಗಳಲ್ಲಿ ಇಂಧನದ ಹೊದಿಕೆಯು ನ್ಯೂಟ್ರಾನುಗಳನ್ನು ಹೆಚ್ಚು ಹೀರಬಾರದು. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿಯಾಗಿದ್ದರೂ ಈ ದೃಷ್ಟಿಯಿಂದ ಸೂಕ್ತವಲ್ಲ. ಆದ್ದರಿಂದ ಹಾಫ್ನಿಯಂ ಬೇರ್ಪಡಿಸಿದ ಜಿರ್ಕೋನಿಯಂ ಮಿಶ್ರಲೋಹ ಅಗತ್ಯವಾಯಿತು. ಇದರ ಕೊಳವೆ ಮತ್ತು ಇಂಧನ ಕಟ್ಟುಗಳನ್ನು ತಯಾರಿಸುವ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದ ಸ್ಥಾಪನೆಯ ಹೊಣೆಯನ್ನು ಇವರು ಹೊತ್ತರು.

ಸೂಪರ್ ಅಲಾಯ್ ಮತ್ತು ಮಿಧಾನಿ

ಸ್ಟೇನ್‌ಲೆಸ್ ಸ್ಟೀಲ್ ಕಬ್ಬಿಣ ಆಧಾರಿತವಾಗಿದ್ದು, ಕನಿಷ್ಠ ಸುಮಾರು 10.5 ಶೇಕಡಾ ಕ್ರೋಮಿಯಂ ಹೊಂದಿರುತ್ತದೆ. ಮೇಲ್ಮೈಯಲ್ಲಿ ರೂಪುಗೊಳ್ಳುವ ಕ್ರೋಮಿಯಂ ಆಕ್ಸೈಡಿನ ತೆಳುಪದರ ಅದನ್ನು ತುಕ್ಕಿನಿಂದ ಕಾಪಾಡುತ್ತದೆ. ಡೈರಿಯ ತೊಟ್ಟಿ, ಔಷಧ ಕಾರ್ಖಾನೆ, ರಾಸಾಯನಿಕ ಸ್ಥಾವರದ ಕೊಳವೆಗಳಿಗೆ ಅದು ಸಾಕು, ಬೆಲೆಯೂ ಕಡಿಮೆ. ಆದರೆ ಜೆಟ್ ಎಂಜಿನ್ನಿನ ಟರ್ಬೈನ್ ಅಲಗು ಕೆಂಪಗೆ ಕಾದಿರುವಾಗಲೇ ವೇಗವಾಗಿ ತಿರುಗುತ್ತಿರುತ್ತದೆ. ಅಂತಹ ಸೆಳೆತದಲ್ಲಿ ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್ ನಿಧಾನವಾಗಿ ಹಿಗ್ಗುತ್ತ ಕೊನೆಗೆ ಮುರಿಯುತ್ತದೆ. ನಿಕಲ್ ಆಧಾರಿತ ಸೂಪರ್ ಅಲಾಯ್‌ಗಳಲ್ಲಿ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಸೇರಿ ಉಂಟಾಗುವ ಅತಿಸೂಕ್ಷ್ಮ ಕಣಗಳು ಈ ಹಿಗ್ಗುವಿಕೆಯನ್ನು ತಡೆಯುತ್ತವೆ. ಇವುಗಳ ಬೆಲೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹಲವು ಪಟ್ಟು ಹೆಚ್ಚು. ಕರಗಿಸಲು ನಿರ್ವಾತ ಕುಲುಮೆ ಬೇಕು. ಯಂತ್ರದಲ್ಲಿ ಕಡೆಯುವುದೂ ಕಷ್ಟ.

ಬೆಂಗಳೂರಿನ ಎಚ್‌ಎಎಲ್ ಪರವಾನಗಿಯಡಿ ಜೆಟ್ ಎಂಜಿನ್ ತಯಾರಿಸುತ್ತಿದ್ದರೂ, ಇಂತಹ ಲೋಹಗಳಿಗೆ ದೇಶವು ಆಮದನ್ನೇ ನೆಚ್ಚಿತ್ತು. ಪೂರೈಸುವ ದೇಶ ನಿರಾಕರಿಸಿದರೆ ಕೆಲಸವೇ ನಿಲ್ಲುವ ಸ್ಥಿತಿಯಿತ್ತು. ಈ ಕೊರತೆ ನೀಗಲು 1973ರಲ್ಲಿ ಹೈದರಾಬಾದಿನಲ್ಲಿ ಮಿಶ್ರ ಧಾತು ನಿಗಮ, ಅಂದರೆ ಮಿಧಾನಿ, ಸ್ಥಾಪನೆಯಾಯಿತು. ಅದನ್ನು ರೂಪಿಸಿದವರಲ್ಲಿ ಬ್ರಹ್ಮ ಪ್ರಕಾಶ್ ಪ್ರಮುಖರು. ಸೂಪರ್ ಅಲಾಯ್, ಟೈಟಾನಿಯಂ ಮಿಶ್ರಲೋಹ ಮತ್ತು ವಿಶೇಷ ಉಕ್ಕುಗಳನ್ನು ಅಲ್ಲಿ ತಯಾರಿಸಲಾಗುತ್ತದೆ.

ಬಾಹ್ಯಾಕಾಶ

1972ರಲ್ಲಿ ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರಾದರು. ತುಂಬಾದ ಹಲವು ಘಟಕಗಳು ಒಂದೇ ಕೇಂದ್ರವಾಗಿ ಬೆಸೆದದ್ದೂ, ಎಸ್‌ಎಲ್‌ವಿ-3 ರಾಕೆಟ್ ರೂಪುಗೊಂಡದ್ದೂ ಇವರ ಅವಧಿಯಲ್ಲೇ. 1979ರಲ್ಲಿ ಇವರು ಆ ಹುದ್ದೆಯಿಂದ ನಿವೃತ್ತರಾದರು. ಆ ವರ್ಷದ ಮೊದಲ ಉಡಾವಣೆ ವಿಫಲವಾದರೂ, 1980ರ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.

ಪ್ರಶಸ್ತಿ ಮತ್ತು ಸ್ಮರಣೆ

ಇವರಿಗೆ 1961ರಲ್ಲಿ ಪದ್ಮಶ್ರೀ, 1963ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಮತ್ತು 1968ರಲ್ಲಿ ಪದ್ಮಭೂಷಣ ದೊರೆತವು. ವಿದ್ಯಾರ್ಥಿಗಳಿಗಾಗಿ ನಡೆಯುವ ರಸಪ್ರಶ್ನೆ ಸ್ಪರ್ಧೆಯೊಂದು ಇವರ ಹೆಸರಿನಲ್ಲಿದೆ.