ಅಣೆಕಟ್ಟೆ ಒಡೆದ ಗೈ ಗಿಬ್ಸನ್: ಒಂದು ರಾತ್ರಿಯ ಕೀರ್ತಿ, ಅದರ ಬೆಲೆ

ದ್ವಿತೀಯ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟನ್ನಿನ ಭಾರೀ ಬಾಂಬರ್ ದಳಗಳ ಪೈಕಿ 617ನೇ ಸ್ಕ್ವಾಡ್ರನ್ನಿನಷ್ಟು ಖ್ಯಾತಿ ಪಡೆದದ್ದು ಮತ್ತೊಂದಿಲ್ಲ. ಅದರ ಪ್ರಥಮ ನಾಯಕ ವಿಂಗ್ ಕಮಾಂಡರ್ ಗೈ ಗಿಬ್ಸನ್ ಜನಿಸಿದ್ದು ಭಾರತದಲ್ಲಿ. 26ನೇ ವಯಸ್ಸಿನಲ್ಲೇ ಮಡಿದ ಈ ವೈಮಾನಿಕನ ಹೆಸರು ಇಂದಿಗೂ ಒಂದೇ ಒಂದು ರಾತ್ರಿಯೊಂದಿಗೆ ತಳುಕು ಹಾಕಿಕೊಂಡಿದೆ.

ಸಿಮ್ಲಾದಿಂದ ಸ್ಕ್ಯಾಂಪ್ಟನ್‌ಗೆ

ಗಿಬ್ಸನ್ ಹುಟ್ಟಿದ್ದು 1918ರ ಆಗಸ್ಟ್ 12ರಂದು, ಸಿಮ್ಲಾದಲ್ಲಿ. ತಂದೆ ಬ್ರಿಟಿಷ್ ಭಾರತದ ಅರಣ್ಯ ಸೇವೆಯ ಅಧಿಕಾರಿ. ಬಾಲ್ಯದಲ್ಲೇ ತಾಯಿಯೊಡನೆ ಇಂಗ್ಲೆಂಡಿಗೆ ತೆರಳಿದ ಆತ ಆಕ್ಸ್‌ಫರ್ಡಿನ ಸೇಂಟ್ ಎಡ್ವರ್ಡ್ಸ್ ಶಾಲೆಯಲ್ಲಿ ಓದಿ, 1936ರಲ್ಲಿ ರಾಯಲ್ ಏರ್‌ಫೋರ್ಸ್ ಸೇರಿದ. ಯುದ್ಧ ಘೋಷಣೆಯಾದ ದಿನವೇ, 1939ರ ಸೆಪ್ಟೆಂಬರ್ 3ರಂದು, ಮೊದಲ ದಾಳಿಗೆ ಹೊರಟ. ಬಳಿಕ ರಾತ್ರಿ ಕಾದಾಟದ ವಿಮಾನಗಳನ್ನು ಹಾರಿಸಿ, 1942ರಲ್ಲಿ 106ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾದ.

1943ರ ಮಾರ್ಚ್‌ನಲ್ಲಿ ಲಿಂಕನ್‌ಶೈರಿನ ಸ್ಕ್ಯಾಂಪ್ಟನ್ ನೆಲೆಯಲ್ಲಿ ಹೊಸ ದಳ ಕಟ್ಟುವ ಹೊಣೆ ಹೆಗಲೇರಿದಾಗ ಆತನಿಗೆ ಕೇವಲ 24 ವರ್ಷ. ರೂರ್ ಕೈಗಾರಿಕಾ ಪ್ರದೇಶಕ್ಕೆ ನೀರೊದಗಿಸುತ್ತಿದ್ದ ಮೋನೆ, ಸೋರ್ಪೆ ಅಣೆಕಟ್ಟೆಗಳು ಹಾಗೂ ಪೂರ್ವಕ್ಕಿದ್ದ ಎಡರ್ ಅಣೆಕಟ್ಟೆ ಪ್ರಮುಖ ಗುರಿಗಳಾಗಿದ್ದವು. ಗುಟ್ಟು ಬಿಟ್ಟುಕೊಡದೆ, ಸುಮಾರು ಎಂಟು ವಾರಗಳಲ್ಲಿ ತರಬೇತಿ ಮುಗಿಯಬೇಕಿತ್ತು.

ನೀರ ಮೇಲೆ ಪುಟಿದ ಬಾಂಬ್

ಮೋನೆ ಅಣೆಕಟ್ಟೆಯ ಮುಂದೆ ಟಾರ್ಪೆಡೊ ತಡೆಯುವ ಬಲೆಗಳಿದ್ದವು. ಅವನ್ನು ದಾಟಲು ಎಂಜಿನಿಯರ್ ಬಾರ್ನ್ಸ್ ವಾಲಿಸ್ ಸುಮಾರು 4 ಟನ್ ತೂಕದ ಪೀಪಾಯಿ ಆಕಾರದ ಬಾಂಬನ್ನು ರೂಪಿಸಿದ್ದರು. ಕೆರೆಗೆ ಎಸೆದ ಚಪ್ಪಟೆ ಕಲ್ಲಿನಂತೆ ನೀರಿನ ಮೇಲೆ ಪುಟಿಯುತ್ತಾ ಸಾಗಿ, ಗೋಡೆಯ ಬುಡದಲ್ಲಿ ಮುಳುಗಿ ಅದು ಸಿಡಿಯಬೇಕಿತ್ತು. ಅದಕ್ಕಾಗಿ ಲ್ಯಾಂಕಾಸ್ಟರ್ ವಿಮಾನ ಕತ್ತಲಲ್ಲಿ ನೀರಿನಿಂದ ಕೇವಲ 60 ಅಡಿ ಎತ್ತರದಲ್ಲಿ ಹಾರಬೇಕಿತ್ತು. ವಿಮಾನದ ತಳದ ಎರಡು ದೀಪಗಳ ಬೆಳಕು ನೀರಿನ ಮೇಲೆ ಒಂದಾದರೆ ಎತ್ತರ ಸರಿಯಿದೆ ಎಂದರ್ಥ.

1943ರ ಮೇ 16ರ ರಾತ್ರಿ 19 ವಿಮಾನಗಳಲ್ಲಿ 133 ಮಂದಿ ಹೊರಟರು. ಮೋನೆಯ ಮೇಲೆ ಮೊದಲು ಎರಗಿದ ಗಿಬ್ಸನ್‌ನ ಬಾಂಬ್ ಗೋಡೆಯನ್ನು ಒಡೆಯಲಿಲ್ಲ. ಎರಡನೇ ವಿಮಾನ ಗುಂಡಿಗೆ ಬಲಿಯಾಯಿತು. ನಂತರ ಬಂದವರ ಪಕ್ಕದಲ್ಲೇ ಹಾರುತ್ತಾ, ಶತ್ರುವಿನ ಗುಂಡುಗಳನ್ನು ಗಿಬ್ಸನ್ ತನ್ನತ್ತ ಸೆಳೆದ. ಐದನೇ ಬಾಂಬಿನೊಂದಿಗೆ ಮೋನೆ ಕುಸಿಯಿತು. ಎಡರ್ ಕೂಡ ಒಡೆಯಿತು. ಸೋರ್ಪೆ ಮಾತ್ರ ನಿಂತಿತು.

ಯಾರಿಗೆ ಎಷ್ಟು ನಷ್ಟ?

ಎಂಟು ವಿಮಾನಗಳು ಮರಳಲಿಲ್ಲ. 53 ಮಂದಿ ಸತ್ತರು, ಮೂವರು ಸೆರೆಯಾದರು. ಪ್ರವಾಹಕ್ಕೆ ಸಿಲುಕಿ ಸತ್ತವರು 1,300ಕ್ಕೂ ಅಧಿಕ. ಅವರಲ್ಲಿ ಬಹುಪಾಲು ಜನ ಜರ್ಮನ್ನರೇ ಅಲ್ಲ. ನಾಜಿಗಳು ಬಲವಂತವಾಗಿ ದುಡಿಸುತ್ತಿದ್ದ ವಿದೇಶೀಯರು. ಮೋನೆಯ ಕೆಳಗಿನ ನೆಹೈಮ್ ಊರಿನ ಶಿಬಿರದಲ್ಲಿದ್ದ ಪೂರ್ವ ಯೂರೋಪಿನ ನೂರಾರು ಮಹಿಳೆಯರು ಕೊಚ್ಚಿಹೋದರು. ಅದೇ ವರ್ಷದ ಶರತ್ಕಾಲದ ಹೊತ್ತಿಗೆ ಜರ್ಮನಿ ಮೋನೆಯ ಒಡಕನ್ನು ಮುಚ್ಚಿತ್ತು. ದುರಸ್ತಿಗೆ ಅಡ್ಡಿಪಡಿಸಲು ಬ್ರಿಟನ್ ಮತ್ತೆ ದೊಡ್ಡ ದಾಳಿ ನಡೆಸಲಿಲ್ಲ.

ಗಿಬ್ಸನ್‌ಗೆ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಸರ್ಕಾರ ಆತನನ್ನು ಕೆನಡಾ, ಅಮೆರಿಕಗಳಿಗೆ ಭಾಷಣ ಪ್ರವಾಸಕ್ಕೆ ಕಳುಹಿಸಿತು. ಆದರೆ ಆತನಿಗೆ ರಣರಂಗವೇ ಬೇಕಿತ್ತು. ಪಟ್ಟುಹಿಡಿದು ಮರಳಿದ ಆತ 1944ರ ಸೆಪ್ಟೆಂಬರ್ 19ರ ರಾತ್ರಿ ಜರ್ಮನಿಯ ಮೇಲಿನ ದಾಳಿಯೊಂದನ್ನು ನಿರ್ದೇಶಿಸಲು ಮಾಸ್ಕಿಟೊ ವಿಮಾನದಲ್ಲಿ ತೆರಳಿದ. ಹಾಲೆಂಡಿನ ಸ್ಟೀನ್‌ಬರ್ಗೆನ್ ಬಳಿ ವಿಮಾನ ನೆಲಕ್ಕಪ್ಪಳಿಸಿತು. ನ್ಯಾವಿಗೇಟರ್ ಜಿಮ್ ವಾರ್ವಿಕ್ ಕೂಡ ಅಸುನೀಗಿದ. ಇಬ್ಬರ ಸಮಾಧಿಯೂ ಅಲ್ಲೇ ಇದೆ.

ಆತನ ಆತ್ಮಕಥನ ಹೊರಬಂದದ್ದು ಮರಣಾನಂತರ, 1946ರಲ್ಲಿ. 1955ರ ಚಲನಚಿತ್ರ ಆ ರಾತ್ರಿಯನ್ನು ಮನೆಮಾತಾಗಿಸಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿದ ಹೆಚ್ಚುವರಿ ಪ್ರೋಟೋಕಾಲ್, ನಾಗರಿಕರಿಗೆ ತೀವ್ರ ಹಾನಿಯಾಗುವಂತೆ ಅಣೆಕಟ್ಟೆಗಳ ಮೇಲೆ ದಾಳಿ ಮಾಡುವುದನ್ನು ನಿಷೇಧಿಸಿತು; ಕೆಲವು ವಿನಾಯಿತಿಗಳನ್ನಷ್ಟೇ ಉಳಿಸಿತು. ಗಿಬ್ಸನ್‌ನ ಧೈರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಧೈರ್ಯದ ಲೆಕ್ಕ ಬರೆಯುವಾಗ ನೆಹೈಮ್‌ನ ಮಹಿಳೆಯರನ್ನು ಕೈಬಿಡುವಂತಿಲ್ಲ.